ಮಾಡಿದವರೇ ಮೊದಲು ತೊಡಬೇಕು

ಶಹಾಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಂತು ಗುರುದೇವಿಯ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಜನ ನಿಮ್ಮನ್ನೇ ಒಂದು ಥರ ನೋಡುತ್ತಾರೆ. ಇಷ್ಟೂ ಗೊತ್ತಿಲ್ಲವೇ ಎಂಬ ನೋಟ ಅದು. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿ ಹೋಗಿದೆ, ಹೊಸದಾಗಿ ಬರೆಸುವ ಗೋಜಿಗೆ ಆಕೆ ಹೋಗಿಲ್ಲ. ಸುರಪುರದಿಂದ ಯಾದಗಿರಿಯವರೆಗೆ ಯಾರಿಗೇ ಆಗಲಿ ಒಂದು ದಿನದ ಮಟ್ಟಿಗೆ ರಾಜನಾಗುವ, ರಾಕ್ಷಸನಾಗುವ, ಇಲ್ಲವೇ ಪೊಲೀಸ್ ಸಾಹೇಬನಾಗುವ ಮನಸ್ಸಾದರೆ ಬರಬೇಕಾದದ್ದು ಇಲ್ಲಿಗೇ. ಕಿರೀಟ, ಗದೆ, ಋಷಿಗಳ ಗಡ್ಡ, ಲಾಠಿ, ಎಲ್ಲವೂ ಬಾಡಿಗೆಗೆ ಸಿಗುತ್ತವೆ.

ಸಿಗದಿರುವುದು ಕಳಪೆ ಮಾಲು ಮಾತ್ರ. "ನಮ್ಮ ಅಂಗಡಿ ಸಾಮಾನ ಇವತ್ತಿನ ತನಕ ಸ್ಟೇಜಿನ ಮ್ಯಾಲ ಯಾರಿಗೂ ಕೈ ಕೊಟ್ಟಿಲ್ಲ" ಎಂದು ಗುರುದೇವಿ ಹೇಳುವುದನ್ನು ಕೇಳಿ ಕೇಳಿ ಓಣಿಯ ಬೆಕ್ಕುಗಳಿಗೂ ಬಾಯಿಪಾಠವಾಗಿದೆ. ಜಂಬ ಎನ್ನುವವರು ಎನ್ನಲಿ. ಹರಿದ ಪರದೆಯ ಮುಂದೆ ನಿಂತ ರಾಜನ ಕಿರೀಟ ಕಳಚಿ ಬಿದ್ದು ಊರೆಲ್ಲ ನಕ್ಕದ್ದನ್ನು ನೋಡಿದವರಿಗೆ ಆ ಮಾತಿನ ತೂಕ ಗೊತ್ತು. ಒಮ್ಮೆ ಹಾಗೆ ನಗಿಸಿಕೊಂಡವನನ್ನು ಊರು ಸಾಯುವ ತನಕ "ಏನ್ ರಾಜಾ" ಎಂದೇ ಕರೆಯುತ್ತದೆ.

ಈ ಹಟ ಆಕೆಗೆ ಬಂದದ್ದು ಅಪ್ಪ ಮಲ್ಲಣ್ಣನಿಂದ. ಮಲ್ಲಣ್ಣ ದೊಡ್ಡಾಟದ ಮೇಳಕ್ಕೆ ವೇಷ ಕಟ್ಟುತ್ತಿದ್ದವರು. ಹಗುರ ಕಟ್ಟಿಗೆ, ಬಣ್ಣದ ಬೇಗಡೆ, ಕನ್ನಡಿಯ ಚೂರು ಕೂಡಿಸಿ ಕಿರೀಟ, ಭುಜಕೀರ್ತಿ, ಎದೆಗವಚ ಮಾಡುತ್ತಿದ್ದರು. ಅವರ ಮೇಳದಲ್ಲಿ ಒಂದು ಪದ್ಧತಿ ಇತ್ತು. ಹೊಸ ವೇಷ ಯಾವುದೇ ಇರಲಿ, ಮಾಡಿದವನೇ ಅದನ್ನು ಮೊದಲು ತೊಡಬೇಕು. ತೊಟ್ಟು ಗಣಪತಿಯ ಮುಂದೆ ಕೂತು, ಎದ್ದು, ಒಂದು ಸುತ್ತು ಕುಣಿದು, ಆಮೇಲೆ ಪಾತ್ರಧಾರಿಯ ಕೈಗೆ ಕೊಡಬೇಕು. ಎಲ್ಲಿ ಚುಚ್ಚುತ್ತದೆ, ಎಲ್ಲಿ ಸಡಿಲ, ಎಲ್ಲಿ ಮುರಿಯುತ್ತದೆ ಎಂಬುದು ಮಾಡಿದವನ ಮೈಗೇ ಮೊದಲು ತಿಳಿಯಬೇಕು ಎಂಬ ಲೆಕ್ಕ. ಅಡುಗೆ ಮಾಡಿದವರು ರುಚಿ ನೋಡದೆ ಬಡಿಸುತ್ತಾರೆಯೇ?

ಮಳೆ ಹಿಡಿದೂ ಹಿಡಿಯದಂತಿದ್ದ ಆಗಸ್ಟಿನ ಒಂದು ಮಧ್ಯಾಹ್ನ ಸುರಪುರದ ಕಾಲೇಜಿನಲ್ಲಿ ಕನ್ನಡ ಕಲಿಸುವ ಬಸವಕುಮಾರ ಮಾಸ್ತರರು ಅಂಗಡಿಗೆ ಬಂದರು. ಬೈಕು ನಿಲ್ಲಿಸುವ ಮೊದಲೇ ಮಾತು ಶುರು ಮಾಡುವ ಮನುಷ್ಯ.

"ಅಕ್ಕಾರ, ಈ ಸಲ ಯಾದಗಿರಿ ಉತ್ಸವದ ಮೆರವಣಿಗ್ಯಾಗ ನಮ್ಮ ಕಾಲೇಜಿನ ಹುಡುಗ್ಯಾರು ಮುಂದ ನಡ್ಯಾಕತ್ತಾರ. ಆ ರಾಣಿ ಸಿನಿಮಾ ನೋಡೀರಿಲ್ಲೋ?"

ನೋಡದೆ ಏನು? ಹೋದ ವರ್ಷ ಬಂದ ಸಿನಿಮಾ ಅದು. ಕೋಟೆ ಕಾಯ್ದ ರಾಣಿಯ ಕತೆ. ನಮ್ಮ ಕಡೆಯ ಗುಡ್ಡ, ನಮ್ಮ ಕಡೆಯ ಕಲ್ಲು ಪರದೆಯ ಮೇಲೆ ಕಂಡಾಗ ಯಾದಗಿರಿಯ ಟಾಕೀಜಿನಲ್ಲಿ ಜನ ಹೊಡೆದ ಸೀಟಿ ಇನ್ನೂ ಗುರುದೇವಿಯ ಕಿವಿಯಲ್ಲಿತ್ತು. ರಾಣಿಯ ಕವಚವಂತೂ ಕಣ್ಣು ಮುಚ್ಚಿದರೂ ಕಾಣುವಂಥದ್ದು. ತಾಮ್ರದ ಬಣ್ಣ, ಎದೆಯ ಮೇಲೆ ಸೂರ್ಯ, ಭುಜದಲ್ಲಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಪಟ್ಟಿಗಳು.

"ಹಂಥಾದೇ ಕವಚ ಬೇಕ್ರಿ. ರಾಣಿ ಪಾತ್ರ ಮಹಾನಂದಾಗ ಕೊಟ್ಟೀವಿ. ಕೊಡೇಕಲ್ ರಸ್ತಾದಾಗ ಹುಲಗಪ್ಪ ಅಂತ ಕುರಿ ಕಾಯೋರು ಅದಾರಲ್ಲ, ಅವರ ಮಗಳು. ಕುದುರಿ ಮ್ಯಾಲ ಕೂಡಾಕ ಬರೋದು ಇಡೀ ಕಾಲೇಜಿನ್ಯಾಗ ಆಕಿಗಷ್ಟೇ. ಕುರಿ ಹಿಂಡಿನ ಜೋಡಿ ಸಾಮಾನ ಹೊರೋ ತಟ್ಟುಗುದುರಿ ಮ್ಯಾಲ ಕೂತೇ ಬೆಳದಾಕಿ."

"ಕುದುರಿ ಮ್ಯಾಲ?" ಗುರುದೇವಿಯ ಹುಬ್ಬು ಮೇಲೇರಿತು. "ಹಂಗಾದ್ರ ತೋರಿಕಿ ಮಾಲ ನಡ್ಯಂಗಿಲ್ರಿ ಮಾಸ್ತರ. ಕೂತಾಗ ಗಂಟಲಿಗೆ ಒತ್ತಬಾರದು. ಕತ್ತಿ ಎತ್ತಿದಾಗ ಬಗಲಾಗ ಚುಚ್ಚಬಾರದು. ಕುದುರಿ ಜಿಗದ್ರ ಕಳಚಿ ಬೀಳಬಾರದು."

"ಅದಕ್ಕ ಕಂಪನಿ ಮಾಲ ತರಸ್ರಿ ಅಂತೀನಿ. ಫೋನಿನ್ಯಾಗ ಬೇಕಾದಷ್ಟು ಅದಾವ."

ಕಂಪನಿ ಮಾಲು ಎಂದ ಕೂಡಲೇ ಗುರುದೇವಿ ಹಿತ್ತಲಿನ ಕಡೆ ಬೆರಳು ತೋರಿಸಿದಳು. ಅಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ ಮಳೆ ತಾಗದಂತೆ ಒಂದು ಬೆಳ್ಳಿ ಬಣ್ಣದ ಕವಚ ಹೊದಿಸಿತ್ತು. ಎರಡು ವರ್ಷದ ಹಿಂದೆ ಫೋನಿನಲ್ಲಿ ಫೋಟೋ ನೋಡಿ ತರಿಸಿದ್ದು. ಫೋಟೋದಲ್ಲಿ ಉಕ್ಕಿನಂತೆ ಕಂಡಿದ್ದು ಕೈಗೆ ಬಂದಾಗ ಬಿಸ್ಕೀಟು ಡಬ್ಬಿಯ ಒಳಹಾಳೆಯಷ್ಟು ತೆಳ್ಳಗಿತ್ತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಮೋಸ ಹೋಗಿದ್ದಳು. ಅದನ್ನು ಯಾರಿಗೂ ಬಾಡಿಗೆಗೆ ಕೊಡಲಿಲ್ಲ. ಸ್ಟಾರ್ಟರನ್ನು ಮಾತ್ರ ಅದು ನಿಯತ್ತಿನಿಂದ ಕಾಯುತ್ತಿತ್ತು.

ಅವತ್ತಿನಿಂದ ಗುರುದೇವಿ ಕವಚ ಮಾಡುವವರನ್ನು ಹುಡುಕಲು ಕೂತಳು. ಹೆಣ್ಣು ನೋಡುವವರೂ ಇಷ್ಟು ವಿಚಾರಿಸಿರಲಿಕ್ಕಿಲ್ಲ. ಫೋಟೋ ಕಳಿಸಿದವರಿಗೆಲ್ಲ ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ನೀವು ತೊಟ್ಟು ತೋರಸ್ತೀರೇನ್ರಿ? ಕೂತು, ಎದ್ದು, ಕೈ ಎತ್ತಿ?"

ಒಬ್ಬ ಕಳಿಸಿದ ಫೋಟೋ ನೋಡಿದರೆ ಅದು ಸಿನಿಮಾದ್ದೇ ಚಿತ್ರ. ಸಾಕ್ಷಾತ್ ನಾಯಕಿಯೇ ನಿಂತಿದ್ದಳು, ಹಿಂದೆ ಉರಿಯುವ ಕೋಟೆ. ನಾಯಕಿ ನಿಮ್ಮ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೇನು ಎಂದು ಗುರುದೇವಿ ಕೇಳಿದ್ದಕ್ಕೆ ಆತ ನಗುವ ಮುಖವೊಂದನ್ನು ಕಳಿಸಿ, ಇವತ್ತೇ ಹೇಳಿದರೆ ರಿಯಾಯಿತಿ ಎಂದು ಬರೆದ. ಇನ್ನೊಬ್ಬ ದೊಡ್ಡ ಊರಿನ ಕಾರ್ಖಾನೆಯವನು ಬಟ್ಟೆ ಅಂಗಡಿಯ ಗೊಂಬೆಗೆ ಕವಚ ತೊಡಿಸಿದ ಫೋಟೋ ಕಳಿಸಿದ. ಗೊಂಬೆ ಕೂಡುವುದಿಲ್ಲ, ಏಳುವುದಿಲ್ಲ, ಬೆವರುವುದೂ ಇಲ್ಲ. ನೀವೇ ತೊಟ್ಟು ತೋರಿಸಿ ಎಂದಾಗ ಅವನಿಗೆ ಸಿಟ್ಟು ಬಂತು.

"ಮೇಡಂ, ನಾವು ತಯಾರು ಮಾಡೋರು. ಮಾಡೆಲ್‌ಗಳಲ್ಲ" ಎಂದು ಫೋನಿಟ್ಟ.

ಮಾಸ್ತರರು ವಾರಕ್ಕೊಮ್ಮೆ ಬಂದು ತಲೆ ಕೆರೆದುಕೊಳ್ಳುತ್ತಿದ್ದರು. "ಅಕ್ಕಾರ, ನಿಮ್ಮ ಪದ್ಧತಿ ದೊಡ್ಡಾಟಕ್ಕ ಸರಿ. ಈಗಿನ ಮಂದಿಗೆ ನೀ ತೊಡು ಅಂದ್ರ ಹುಚ್ಚು ಹಿಡದಾದ ಅಂತಾರ."

"ಅನ್ನಲಿ ಬಿಡ್ರಿ. ತಾ ತೊಡಾಕ ಅಂಜೋ ಸಾಮಾನನ ಮಂದಿ ಮಗಳಿಗೆ ತೊಡಸ್ತಾನಂದ್ರ ಅಂವ ಎಂಥಾಂವ?"

ಕಡೆಗೆ ಒಂದು ಹೆಸರು ಸಿಕ್ಕಿತು. ಸೈದಾಪುರದ ನಯೀಮ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ. ರಜೆ ಸಿಕ್ಕಾಗ ದಪ್ಪ ಫೋಮ್ ಶೀಟನ್ನು ಬಿಸಿಗಾಳಿಯ ಮಿಷನ್ನಿನಿಂದ ಬಗ್ಗಿಸಿ, ಅಂಟಿಸಿ, ಬಣ್ಣ ಹೊಡೆದು ಸಿನಿಮಾ ವೀರರ ಕವಚ, ಗುರಾಣಿ ಮಾಡುವುದು ಅವನ ಖಯಾಲಿ. ಫ್ಯಾಕ್ಟರಿಯವರ ವಾರ್ಷಿಕೋತ್ಸವಕ್ಕೆ ಅವನು ಮಾಡಿದ ಗುರಾಣಿ ನೋಡಿದ ಗಿರಾಕಿಯೊಬ್ಬರು ನಂಬರು ಕೊಟ್ಟಿದ್ದರು. ಅಂಗಡಿಯಿಲ್ಲ, ಬೋರ್ಡಿಲ್ಲ, ಕಾರ್ಡಿಲ್ಲ. ಗುರುದೇವಿ ಫೋನು ಮಾಡಿ ತನ್ನ ಪ್ರಶ್ನೆ ಕೇಳಿದಳು.

ಯಾಕೆ ಎಂದು ಅವನು ಕೇಳಲಿಲ್ಲ. "ತೊಡದಲೇ ಹ್ಯಾಂಗ ಕೊಡೋದ್ರಿ ಅಕ್ಕಾರ?" ಎಂದ. ಗುರುದೇವಿ ಫೋನನ್ನು ಇನ್ನಷ್ಟು ಕಿವಿಗೆ ಒತ್ತಿ ಹಿಡಿದಳು. ಇಂಥ ಮಾತು ಆಕೆ ಕೇಳಿ ಬಹಳ ದಿನವಾಗಿತ್ತು.

ನಮೂನೆಗೆಂದು ಅವನು ಒಂದು ಭುಜದ ಪಟ್ಟಿ ಮಾಡಿ ವಿಡಿಯೋ ಕಳಿಸಿದ. ಎತ್ತರದ ಆಳು, ಅಗಲ ಎದೆ, ಫ್ಯಾಕ್ಟರಿಯ ನೀಲಿ ಅಂಗಿಯ ಮೇಲೆಯೇ ಪಟ್ಟಿ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ. ಕೂತ, ಎದ್ದ, ಕತ್ತಿ ಹಿಡಿದವನಂತೆ ಕೈ ಎತ್ತಿದ. ಚಟ್ಟನೆ ಸದ್ದಾಯಿತು. ಪಟ್ಟಿ ನಡುವೆ ಸೀಳಿ ಎರಡಾಗಿ ತೂಗಾಡಿತು. ನಯೀಮ ಅದನ್ನು ನೋಡಿ, ಫೋನಿನ ಕಡೆ ನೋಡಿ, "ಮುರೀತ್ರಿ ಅಕ್ಕಾರ" ಎಂದು ನಕ್ಕ. "ಮಡಚೋ ಜಾಗದಾಗ ಒಳಗ ಅರಿವಿ ಅಂಟಸಬೇಕು. ಮತ್ತೊಂದು ಮಾಡಿ ತೋರಸ್ತೀನಿ."

ಬಸವಕುಮಾರ ಮಾಸ್ತರರು ವಿಡಿಯೋ ನೋಡಿ ಹೌಹಾರಿದರು. "ಮುರದೇ ಹೋತಲ್ರಿ! ಇಂವಗ ಕೊಡ್ತೀರೇನು?"

"ಇಂವಗೇ ಕೊಡ್ತೀನಿ."

"ಅಕ್ಕಾರ..."

"ಮುರದದ್ದನ್ನ ಬಚ್ಚಿಟ್ಟು ಚಂದಂದು ತೋರಸಬಹುದಿತ್ತಲ್ರಿ ಅಂವ? ತೋರಿಸ್ಯಾನ. ಉಳದೋರು ಮುರ್ಯೋದು ನಮ್ಮ ಹುಡುಗಿ ಮೈಮ್ಯಾಲ ಗೊತ್ತಾಗ್ತಿತ್ತು. ಇಂವಂದು ಇಂವನ ಅಂಗಳದಾಗೇ ಗೊತ್ತಾತು. ನನಗ ಇಷ್ಟು ಭರೋಸಾ ಸಾಕು."

ಮಾಸ್ತರರ ಮುಖದ ಮೇಲಿನ ಅನುಮಾನ ಹೋಗಲಿಲ್ಲ. ಜಿಲ್ಲೆಯ ಅಧಿಕಾರಿಗಳೆಲ್ಲ ಕೂಡುವ ಮೆರವಣಿಗೆ. ಬಡ ಮನೆಯ ಹುಡುಗಿ ಮೊದಲ ಸಲ ಎಲ್ಲರ ಮುಂದೆ ಬರುವವಳು. ನಗೆಪಾಟಲಾದರೆ ಅವಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುತ್ತಾಳೋ ಇಲ್ಲವೋ. ಅವರ ಚಿಂತೆ ಸುಳ್ಳಲ್ಲ ಎಂದು ಗುರುದೇವಿಗೂ ಗೊತ್ತಿತ್ತು. ಆದ್ದರಿಂದಲೇ ಆಕೆ ಆಡಬಾರದಂಥ ದೊಡ್ಡ ಮಾತು ಆಡಿಬಿಟ್ಟಳು.

"ಆ ಕವಚ ಮೆರವಣಿಗ್ಯಾಗ ಆಕಿಗೆ ಕೈ ಕೊಡ್ತಂದ್ರ, ನಾ ಮರುದಿನ ಅಂಗಡಿ ಬಾಗಲಾ ಹಾಕ್ತೀನ್ರಿ ಮಾಸ್ತರ. ಮಲ್ಲಣ್ಣನ ಮಗಳು ಹೇಳಾಕತ್ತಾಳ ಅಂತ ತಿಳ್ಕೋರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸುರಪುರಕ್ಕೆ ಹೋಗಿ ಗುರುದೇವಿಯೇ ಮಹಾನಂದಾಳ ಅಳತೆ ತೆಗೆದುಕೊಂಡಳು. ಹುಡುಗಿ ಜೋಳದ ದಂಟಿನ ಹಾಗೆ ಸಪೂರ, ಕಣ್ಣು ಮಾತ್ರ ಚುರುಕು. ಅಳತೆಯನ್ನು ನಯೀಮನಿಗೆ ಫೋನಿನಲ್ಲಿ ಹೇಳುವಾಗ ಗುರುದೇವಿ ಅಪ್ಪ ಕಲಿಸಿದಂತೆ ಸುತ್ತಲೂ ನಾಲ್ಕು ಬೆರಳು ಸಡಿಲ ಸೇರಿಸಿಯೇ ಹೇಳಿದಳು. ದೊಡ್ಡಾಟದವರು ಒಳಗೆ ದಪ್ಪನೆಯ ಅಂಗಿ ತೊಟ್ಟು ಕುಣಿಯುವವರು. ಮೈಯಳತೆಗೆ ಸರಿಯಾಗಿ ಮಾಡಿದರೆ ಉಸಿರು ಕಟ್ಟುತ್ತದೆ ಎಂದು ಮಲ್ಲಣ್ಣ ಹೇಳುತ್ತಿದ್ದರು. ಸೇರಿಸಿದ್ದೇನೆ ಎಂದು ನಯೀಮನಿಗೆ ಬಿಡಿಸಿ ಹೇಳಬೇಕೆಂದು ಆಕೆಗೆ ಹೊಳೆಯಲೂ ಇಲ್ಲ. ನಿತ್ಯದ ಕೆಲಸವನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಕವಚ ಬಂದದ್ದು ಉತ್ಸವದ ಹಿಂದಿನ ದಿನ. ನಯೀಮನಿಗೆ ಪಾಳಿ ಇದ್ದುದರಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ. ತಾನು ತೊಟ್ಟು ಕೂತು, ಎದ್ದು, ಅಂಗಳದಲ್ಲಿ ಓಡಿ, ಮನೆಯ ಕಟ್ಟೆಯಿಂದ ಜಿಗಿದ ವಿಡಿಯೋ ಮೊದಲೇ ಕಳಿಸಿದ್ದ. ಈ ಸಲ ಏನೂ ಮುರಿದಿರಲಿಲ್ಲ. ಗೋಣಿಚೀಲ ಬಿಚ್ಚಿದಾಗ ಅಂಗಡಿಯ ಕತ್ತಲೆ ಮೂಲೆಯೂ ಬೆಳಗಿದಂತಾಯಿತು. ತಾಮ್ರದ ಸೂರ್ಯ, ಹುರುಪೆಯ ಭುಜ, ಅಂಚಿನಲ್ಲಿ ಯುದ್ಧ ನೋಡಿ ಬಂದಂಥ ಗೀರುಗಳು. ಎತ್ತಿದರೆ ಹೂವಿನಷ್ಟು ಹಗುರ, ಗುದ್ದಿದರೆ ಕದದ ಹಾಗೆ ಗಟ್ಟಿ. ಗುರುದೇವಿಗೆ ಕಣ್ಣು ತುಂಬಿ ಬಂತು. ಅಪ್ಪ ಇರಬೇಕಿತ್ತು ಅನ್ನಿಸಿತು.

ಕಾಲೇಜಿಗೆ ರಜೆ ಇದ್ದುದರಿಂದ ಆಕೆ, ಮಾಸ್ತರರು ಇಬ್ಬರೂ ಕವಚ ಹೊತ್ತು ಹುಲಗಪ್ಪನ ಮನೆಗೇ ಹೋದರು. ಸುರಪುರ ದಾಟಿ ಕೊಡೇಕಲ್ ರಸ್ತೆಯಲ್ಲಿ, ಬಂಡೆಗಳ ಮಗ್ಗುಲಿಗೆ ಒಂದು ಮನೆ, ಮುಂದೆ ಕುರಿ ದೊಡ್ಡಿ. ಮಹಾನಂದಾಳ ಅವ್ವ ಮಲಕಮ್ಮ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಬಂದವರಿಗೆ ನೀರು ಕೊಟ್ಟು, ಚಹಾಕ್ಕಿಟ್ಟು, ಮತ್ತೆ ಬಂದು ಕೂತಳು. ಹೆಚ್ಚು ಮಾತಿನವಳಲ್ಲ.

ಮಹಾನಂದಾ ಕವಚ ತೊಟ್ಟು ಅಂಗಳಕ್ಕೆ ಬಂದಳು.

ದೊಡ್ಡ ಗಡಿಗೆಯಲ್ಲಿ ಸಣ್ಣ ಸೌಟು ಇಟ್ಟಂತಿತ್ತು. ಎದೆಯ ಸೂರ್ಯ ಹೊಟ್ಟೆಗೆ ಇಳಿದಿದ್ದ. ಭುಜದ ಪಟ್ಟಿಗಳು ಮೊಣಕೈಯ ಹತ್ತಿರ ತೂಗಾಡುತ್ತಿದ್ದವು. ಅವಳು ಕೂತಳು, ಕವಚ ಮೇಲಕ್ಕೆ ಸರಿದು ಗದ್ದಕ್ಕೆ ಬಡಿಯಿತು. ಹುಲಗಪ್ಪ ನಗೆ ತಡೆಯಲಾಗದೆ ಕುರಿಗಳ ಕಡೆ ಮುಖ ತಿರುಗಿಸಿದ. ಮಹಾನಂದಾ ನಗಲಿಲ್ಲ. ಕೆಳಗಿನ ತುಟಿ ಕಚ್ಚಿಕೊಂಡು ನಿಂತಿದ್ದಳು. ಮಾಸ್ತರರು ಗುರುದೇವಿಯ ಮುಖ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಗುರುದೇವಿ ನಯೀಮನಿಗೆ ಫೋನು ಹಚ್ಚಿದಳು. "ಏನಪಾ ನಯೀಮ, ನಾ ಹೇಳಿದ ಅಳತಿ ಏನು, ನೀ ಮಾಡಿದ್ದು ಏನು? ನಿನ್ನ ಮೈಗೆ ಹೊಲ್ಕೊಂಡೀ ಏನು?"

ಆ ಕಡೆ ಮಿಷನ್ನಿನ ಸದ್ದು. "ನನಗ ಬರೋಬ್ಬರಿ ಕೂತಿತ್ರಿ ಅಕ್ಕಾರ. ಮತ್ತ ನೀವು ಹೇಳಿದ ಅಳತಿಗೆ ನಾಕು ಬಟ್ಟು ಸಡ್ಲ ಬಿಟ್ಟೀನಲ್ರಿ. ವೇಷಕ್ಕ ಬಿಡಲೇಬೇಕಲ್ರಿ?"

"ಯಾರು ಹೇಳಿದ್ರು ನಿನಗ ನಾಕು ಬಟ್ಟು?"

"ನಮ್ಮಪ್ಪ ಹೇಳಿದ್ದ್ರಿ. ಅಮೀನಸಾಬ ಅಂತ. ದೊಡ್ಡಾಟದ ಮೇಳದಾಗ ಮದ್ದಲಿ ಬಾರಸ್ತಿದ್ದ. ವೇಷ ಮೈಗೆ ಹತ್ತಿದ್ರ ಕುಣ್ಯಾಂವ ಉಸರು ಕಟ್ಟಿ ಸಾಯ್ತಾನ, ನಾಕು ಬಟ್ಟು ಬಿಡಬೇಕು ಅಂತಿದ್ದ. ಮಾಡಿದಾಂವ ಮೊದ್ಲ ತೊಡಬೇಕು ಅಂತಲೂ ಅಂವನೇ ಹೇಳಿದ್ದು."

ಗುರುದೇವಿ ಕಟ್ಟೆಯ ಮೇಲೆ ಕೂತಳು. ಅವಳದು ನಾಲ್ಕು ಬೆರಳು, ಅವನದೂ ನಾಲ್ಕು ಬೆರಳು. ಮೋಸ ಯಾರೂ ಮಾಡಿರಲಿಲ್ಲ. ಒಂದೇ ಪಾಠವನ್ನು ಇಬ್ಬರೂ ತಪ್ಪದೆ ಒಪ್ಪಿಸಿದ್ದರು, ಅಷ್ಟೇ. ಬೆಂಗಳೂರಿನವನಾಗಲಿ ದಿಲ್ಲಿಯವನಾಗಲಿ ಇಂಥ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಅಷ್ಟು ಭಯದಲ್ಲೂ ಆಕೆಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಪ್ಪು ನಂದೂ ಅದಪಾ. ನಾನೂ ನಾಕು ಬಟ್ಟು ಕೂಡಿಸಿ ಹೇಳಿದ್ದೆ."

ನಯೀಮ, "ಯಾ ಅಲ್ಲಾ" ಎಂದ. ಪಾಳಿ ಮುಗಿಸಿ ಬಂದು ಕತ್ತರಿಸಿ ಅಂಟಿಸಿದರೂ ಅಂಟು ಬೆಳಗಿನೊಳಗೆ ಗಟ್ಟಿಯಾಗುವುದಿಲ್ಲ ಎಂದು ಅವನೇ ಹೇಳಿದ. ಹೌದು ಹೌದು, ಬರುತ್ತೇನೆ, ಏನಾದರೂ ಮಾಡೋಣ ಎಂದು ಸುಳ್ಳು ಧೈರ್ಯ ಕೊಡುವ ಜಾತಿಯಲ್ಲ. ಆ ಹೊತ್ತಿನಲ್ಲೂ ಗುರುದೇವಿಗೆ ತನ್ನ ಆಯ್ಕೆಯ ಬಗ್ಗೆ ಸಮಾಧಾನವೆನಿಸಿತು. ಆದರೆ ಸಮಾಧಾನ ತೊಟ್ಟು ಕುದುರೆ ಏರಲಿಕ್ಕಾಗುವುದಿಲ್ಲ.

"ಬ್ಯಾರೆ ಹುಡುಗಿಗೆ ಪಾತ್ರ ಕೊಡಬೇಕೇನೋ" ಎಂದು ಮಾಸ್ತರರು ಮೆಲ್ಲಗೆ ಎಂದರು. ಮಹಾನಂದಾ ತಲೆ ತಗ್ಗಿಸಿದಳು.

ಆಗ ಮಲಕಮ್ಮ ತಕಲಿ ಕೆಳಗಿಟ್ಟು ಎದ್ದಳು. ಮಗಳ ಸುತ್ತ ಒಂದು ಸಲ ತಿರುಗಿ, ಕವಚ ಮತ್ತು ಮೈಯ ನಡುವಿನ ಸಂದಿಗೆ ಕೈ ಹಾಕಿ ನೋಡಿದಳು. ಒಳಗೆ ಹೋಗಿ ಒಂದು ಕರಿ ಕಂಬಳಿ ತಂದಳು. ತಾನೇ ನೂತದ್ದು, ಗಂಡ ನೇಯ್ದದ್ದು. ಬಣ್ಣ ಹಾಕಿದ್ದಲ್ಲ, ಕರಿ ಕುರಿಯ ಉಣ್ಣೆಯದೇ ಬಣ್ಣ.

"ಎತ್ತಿನ ಹೆಗಲಿಗೆ ನೊಗ ಒತ್ತಬಾರದಂತ ಮೆತ್ತೆ ಕಟ್ತೀವಲ್ಲ ಯಕ್ಕಾ" ಎಂದಳು ಗುರುದೇವಿಗೆ. "ಇದಕ್ಕೂ ಹಂಗ ಮಾಡಿದ್ರಾತು."

ಹುಲಗಪ್ಪ ಮುಖ ಗಂಟು ಹಾಕಿದ. "ಕಂಬಳಿಗೆ ಕತ್ರಿ ಹಾಕ್ತೀ ಏನು?"

"ನಮ್ಮ ಮನ್ಯಾಗ ಕಂಬಳಿಗೆ ಕತ್ರಿ ಹಾಕ್ಯಾರೇನು? ಮಡಚಿ ಹೊಲೀತೀನಿ. ಸುಮ್ಕ ದಬ್ಬಣ ತಾ."

ದಬ್ಬಣ ಬಂತು, ಉಣ್ಣೆಯ ದಾರ ಬಂತು. ಮಲಕಮ್ಮ ಕವಚವನ್ನು ತೊಡೆಯ ಮೇಲಿಟ್ಟುಕೊಂಡು ಕಂಬಳಿಯನ್ನು ಎದೆಯ ಒಳಗೆ ಎರಡು ಮಡಿಕೆ, ಹೆಗಲಿಗೆ ಮೂರು, ಬಗಲಿಗೆ ಒಂದು ಎಂದು ಮಡಚುತ್ತ ಹೋದಳು. ಗುರುದೇವಿ ಹಿಡಿದುಕೊಂಡಳು. ಎಲ್ಲಿ ಚುಚ್ಚಬಹುದು, ಎಲ್ಲಿ ಬೇಡ ಎಂದು ನಯೀಮ ಫ್ಯಾಕ್ಟರಿಯಿಂದಲೇ ಫೋನಿನಲ್ಲಿ ಹೇಳುತ್ತಿದ್ದ. ಮಾಸ್ತರರು ದಾರ ಪೋಣಿಸಿ ಪೋಣಿಸಿ ಕೊಟ್ಟರು. ಕುತ್ತಿಗೆಯ ಸುತ್ತ, ತೋಳಿನ ಅಂಚಿಗೆ ಕರಿ ಕಂಬಳಿ ಒಂದಿಷ್ಟು ಹೊರಗೆ ಇಣುಕಿತು. ಸಿನಿಮಾದಲ್ಲಿ ಹೀಗಿಲ್ಲ ಎಂದು ಮಾಸ್ತರರು ಹೇಳಲು ಹೋಗಿ ನುಂಗಿಕೊಂಡರು.

ಹೊತ್ತು ಇಳಿಯುವ ಮೊದಲು ಹೊಲಿಗೆ ಮುಗಿಯಿತು. ಮಹಾನಂದಾ ಆಸೆಯಿಂದ ಕೈ ಚಾಚಿದಳು.

"ತಡಿ ತಂಗಿ" ಎಂದಳು ಗುರುದೇವಿ. "ಮಲಕಮ್ಮಾ, ನೀ ತೊಡಬೇಕು."

"ನಾ? ಯಾಕ ಯಕ್ಕಾ?"

"ಮಾಡಿದೋರು ಮೊದ್ಲ ತೊಡಬೇಕು. ನಯೀಮ ತೊಟ್ಟಾನ. ಈಗ ನೀನೂ ಮಾಡಿದಾಕಿ ಆದೆಲ್ಲ."

ಮಲಕಮ್ಮ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. "ಈ ವಯಸ್ಸಿನ್ಯಾಗ ನನಗ ವೇಷ ಹಾಕಸ್ತೀರೇನು? ಮಂದಿ ನೋಡಿದ್ರ ಏನಂದಾರು?"

"ಕುರಿ ಅಷ್ಟೇ ಅದಾವ ನೋಡಾಕ" ಎಂದ ಹುಲಗಪ್ಪ. ಈಗ ಅವನ ನಗು ಬೇರೆ ಥರ ಇತ್ತು.

ಗುರುದೇವಿ ಮತ್ತು ಮಹಾನಂದಾ ಕೂಡಿ ಮಲಕಮ್ಮನಿಗೆ ಕವಚ ತೊಡಿಸಿದರು. ಹಸಿರು ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಎದೆಯ ಮೇಲೆ ತಾಮ್ರದ ಸೂರ್ಯ. ಮಗಳ ಮೈಕಟ್ಟೇ ಅವ್ವನದೂ, ಕವಚ ಅಲ್ಲಾಡದೆ ಕೂತಿತು. ಕೂತು ಏಳು ಎಂದು ಗುರುದೇವಿ ಹೇಳಬೇಕೆಂದಿದ್ದಳು, ಹೇಳುವ ಅಗತ್ಯ ಬರಲಿಲ್ಲ. ದೊಡ್ಡಿಯಲ್ಲಿ ಒಂದು ಮರಿ ತಾಯಿಯಿಂದ ತಪ್ಪಿಸಿಕೊಂಡು ಅರಚುತ್ತಿತ್ತು. ಮಲಕಮ್ಮ ಕವಚವನ್ನೇ ಮರೆತು ದಿನದಂತೆ ನಡೆದಳು. ಬಗ್ಗಿ ದೊಡ್ಡಿಯ ಗಳುವಿನ ಕೆಳಗೆ ನುಸುಳಿದಳು, ಕುಕ್ಕರಗಾಲಲ್ಲಿ ಕೂತು ಮರಿ ಹಿಡಿದಳು, ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹೆಗಲಿಗೆ ಹಾಕಿಕೊಂಡು ಬಂದಳು. ಹುರುಪೆಗಳು ಒಂದರ ಮೇಲೊಂದು ಸರಿದು ಮತ್ತೆ ತಮ್ಮ ಜಾಗಕ್ಕೆ ಬಂದು ಕೂತವು.

"ಎಡಗಡಿ ಬಗಲಾಗ ಜರಾ ಚುಚ್ಚಾಕತ್ತಾದ" ಎಂದಳು. "ಅಲ್ಲೊಂದು ಮಡಿಕಿ ಹಾಕಬೇಕು."

ಸಂಜೆಯ ಬಿಸಿಲು, ಕುರಿಗಳ ನಡುವೆ ಕವಚ ತೊಟ್ಟು, ಹೆಗಲ ಮೇಲೆ ಮರಿ ಹೊತ್ತು ನಿಂತ ಹೆಂಗಸು. "ಯವ್ವಾ, ನೀನೇ ರಾಣಿ ಹಂಗ ಕಾಣಾಕತ್ತೀ" ಎಂದು ಮಹಾನಂದಾ ಅಂದಾಗ ಮಲಕಮ್ಮ ಮನಸಾರೆ ನಕ್ಕಳು. ಗುರುದೇವಿ ಫೋನು ತೆಗೆದು ಒಂದು ಫೋಟೋ ಹೊಡೆದುಕೊಂಡಳು.

ಮರುದಿನ ಯಾದಗಿರಿಯ ರಸ್ತೆಯ ಇಕ್ಕೆಲದಲ್ಲಿ ಜನವೋ ಜನ. ಕಾಲೇಜಿನವರು ಕುದುರೆ ಗೊತ್ತು ಮಾಡಿದ್ದು ಊರಿನ ಮದುವೆ ಕುದುರೆಯವನ ಹತ್ತಿರ. ಒಳ್ಳೆಯ ಬಿಳಿ ಕುದುರೆ, ಸಾಧು ಪ್ರಾಣಿ. ಕವಚಕ್ಕೆ ಅಷ್ಟು ತಲೆ ಕೆಡಿಸಿಕೊಂಡವರು ಕುದುರೆಯ ಬಗ್ಗೆ ಒಂದು ಮಾತು ವಿಚಾರಿಸಲು ಮರೆತಿದ್ದರು. ಮೆರವಣಿಗೆ ವೇದಿಕೆಯ ಮುಂದೆ ಬಂದಾಗ ಪೊಲೀಸ್ ಬ್ಯಾಂಡು ಜೋರಾಗಿ ಬಾರಿಸತೊಡಗಿತು. ಬ್ಯಾಂಡು ಕೇಳಿದ್ದೇ ತಡ, ಕುದುರೆಗೆ ತನ್ನ ಕೆಲಸ ನೆನಪಾಯಿತು. ಮದುಮಗನನ್ನು ಹೊತ್ತಂತೆ ಮುಂಗಾಲೆತ್ತಿ ಕುಣಿಯಲು ನಿಂತಿತು.

ಗುರುದೇವಿ ಪಕ್ಕದಲ್ಲಿದ್ದ ಮಾಸ್ತರರ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅವರು ಆಮೇಲೆ ವಾರ ಪೂರ್ತಿ ಅದನ್ನು ಎಲ್ಲರಿಗೂ ತೋರಿಸಿದರು. ಕುದುರೆ ಎಡಕ್ಕೆ ಜಿಗಿಯಿತು, ಬಲಕ್ಕೆ ಜಿಗಿಯಿತು, ಎರಡು ಕಾಲಿನ ಮೇಲೆ ನಿಂತಿತು. ಮಹಾನಂದಾ ಅದರ ಕುತ್ತಿಗೆಗೆ ಬಗ್ಗಿ, ಮೊಣಕಾಲು ಒತ್ತಿ, ತಟ್ಟಿನ ಮೇಲೆ ಬೆಳೆದ ಹುಡುಗಿಗೆ ತಕ್ಕಂತೆ ಹಿಡಿತ ಬಿಡದೆ ಕೂತಳು. ಕವಚ ಗದ್ದಕ್ಕೆ ಬಡಿಯಲಿಲ್ಲ. ಭುಜದ ಪಟ್ಟಿ ಜಾರಲಿಲ್ಲ. ಎದೆಯ ಸೂರ್ಯ ಎದೆಯಲ್ಲೇ ಇದ್ದ. ಆಮೇಲೆ ಅವಳು ನೆಟ್ಟಗಾಗಿ, ಕುಣಿಯುವ ಕುದುರೆಯ ಮೇಲೆಯೇ ಕತ್ತಿಯನ್ನು ಆಕಾಶಕ್ಕೆ ಎತ್ತಿದಳು.

ಜನ ಇದನ್ನೆಲ್ಲ ಮೊದಲೇ ಕಲಿಸಿದ್ದು ಎಂದುಕೊಂಡು ಹುಚ್ಚೆದ್ದು ಸೀಟಿ ಹೊಡೆದರು. ವೇದಿಕೆಯ ಮೇಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಳಿ ಬಿಟ್ಟು ಬಂದಿದ್ದ ನಯೀಮ ಗುಂಪಿನ ನಡುವಿನಿಂದ ಎರಡೂ ಕೈ ಎತ್ತಿ ಕೂಗುತ್ತಿದ್ದ. "ಕಂಬಳಿ ನೋಡ್ರಿ, ನಮ್ಮ ಕರಿ ಕಂಬಳಿ!" ಎಂದು ಯಾರೋ ಮುದುಕ ಪಕ್ಕದವನಿಗೆ ಹೇಳುವುದು ಗುರುದೇವಿಗೆ ಕೇಳಿಸಿತು. ಆ ಗಳಿಗೆಯಲ್ಲಿ ಆಕೆಗಾದ ಹೆಮ್ಮೆಯನ್ನು ಅಳೆಯಲು ನಾಲ್ಕು ಬೆರಳಲ್ಲ, ನಾಲ್ಕು ಮಾರೂ ಸಾಲದು.

ಅಂಗಡಿಯ ಬಾಗಿಲು ಹಾಕುವ ಪ್ರಮೇಯ ಬರಲಿಲ್ಲ. ಕಂಬಳಿ ಬಿಚ್ಚಿ ಕೊಡುತ್ತೇನೆ ಎಂದು ಗುರುದೇವಿ ಹೇಳಿದಾಗ ಮಲಕಮ್ಮ ಬೇಡವೆಂದಳು. ಕವಚ ಈಗ ಅಂಗಡಿಯಲ್ಲಿ, ಮಲ್ಲಣ್ಣನ ಫೋಟೋದ ಕೆಳಗೆ, ಕಂಬಳಿಯ ಸಮೇತ ತೂಗುತ್ತಿದೆ.

ಮೊನ್ನೆ ನಾರಾಯಣಪುರದ ಡ್ಯಾಮ್ ಕಾಲನಿಯ ಶಾಲೆಯಿಂದ ಒಬ್ಬ ಟೀಚರು ಮೆಸೇಜು ಮಾಡಿದ್ದರು. ರಾಣಿಯ ಕವಚ ಸಿಗುತ್ತದೆ ಎಂದು ಕೇಳಿದ್ದೇವೆ, ಭರವಸೆಯ ಮಾಲು ತಾನೇ, ಯಾರಾದರೂ ತೊಟ್ಟ ಫೋಟೋ ಇದ್ದರೆ ಕಳಿಸಿ ಎಂದು. ಮೆರವಣಿಗೆಯ ಫೋಟೋಗಳು ಗುರುದೇವಿಯ ಫೋನಿನಲ್ಲಿ ರಾಶಿ ಇದ್ದವು. ಕುಣಿಯುವ ಬಿಳಿ ಕುದುರೆ, ಎತ್ತಿದ ಕತ್ತಿ, ಎಲ್ಲ. ಆಕೆ ಅವನ್ನೆಲ್ಲ ದಾಟಿ ಒಂದನ್ನು ಆರಿಸಿ ಕಳಿಸಿದಳು. ಹಸಿರು ಇಳಕಲ್ ಸೀರೆ, ಎದೆಯ ಮೇಲೆ ಸೂರ್ಯ, ಹೆಗಲ ಮೇಲೆ ಕುರಿಮರಿ, ಬಾಯ್ತುಂಬ ನಗು.

ಕೂಡಲೇ ಉತ್ತರ ಬಂತು. "ಭಾಳ ಚಂದ ಅದಾರ್ರಿ. ಇವರು ಯಾರು, ಸಿನಿಮಾದೋರೇನು?"

ಗುರುದೇವಿ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು.

"ಅಲ್ರಿ. ಮಾಡಿದಾಕಿ."